ಮರ ಕಾಯ್ದವರಿಗೆ ಪ್ರತಿಫಲ: ಲೆಕ್ಕ ತೊಡಕಾಗುವುದು ಎಲ್ಲಿ?

ಮರ ಬೆಳೆಸಿರಿ, ಇರುವ ಮರ ಉಳಿಸಿರಿ, ಅದು ಹೀರಿಕೊಂಡ ಇಂಗಾಲಕ್ಕೆ ಹಣ ಪಡೆಯಿರಿ ಎಂಬ ಮಾತು ಈಚಿನ ವರ್ಷಗಳಲ್ಲಿ ನಮ್ಮ ಹಳ್ಳಿಗಳವರೆಗೂ ಬಂದಿದೆ. ಕಾಫಿ ಬೆಳೆಗಾರರಿಗೆ ನೆರಳು ಮರಗಳ ಲೆಕ್ಕದಲ್ಲಿ, ಅಡಿಕೆ ಬೆಳೆಗಾರರಿಗೆ ಬದುವಿನ ಮರಗಳ ಲೆಕ್ಕದಲ್ಲಿ, ಗ್ರಾಮ ಪಂಚಾಯಿತಿಗಳಿಗೆ ಗುಂಡುತೋಪು ಗೋಮಾಳಗಳ ಲೆಕ್ಕದಲ್ಲಿ ಆದಾಯ ಬರುತ್ತದೆಂದು ಹೇಳುವವರಿದ್ದಾರೆ. ಇದರಲ್ಲಿ ನಿಜವೆಷ್ಟು, ತೊಡಕು ಎಲ್ಲಿದೆ, ಕರಾರು ಪತ್ರಕ್ಕೆ ರುಜು ಹಾಕುವ ಮೊದಲು ಏನೇನು ಕೇಳಬೇಕು ಎಂಬುದನ್ನು ಸಣ್ಣ ಬೆಳೆಗಾರರ ತಿಳುವಳಿಕೆಗಾಗಿ ಇಲ್ಲಿ ವಿವರಿಸಲು ಪ್ರಯತ್ನಿಸಿದ್ದೇವೆ.

ಕಾಡು ಕಾಯುವ ಕೆಲಸಕ್ಕೆ ಪ್ರತಿಫಲ ಸಲ್ಲಬೇಕೆಂಬುದರಲ್ಲಿ ಎರಡು ಮಾತಿಲ್ಲ. ಮೇಲಿನವರು ಕಾಡು ಉಳಿಸಿದರೆ ಕೆಳಗಿನವರಿಗೆ ನೀರು ಸಿಗುತ್ತದೆ. ಹಳ್ಳಿಯವರು ಮರ ಉಳಿಸಿದರೆ ಪಟ್ಟಣದವರಿಗೂ ಗಾಳಿ ತಂಪಾಗುತ್ತದೆ. ಲಾಭ ಎಲ್ಲರದು, ಖರ್ಚು ಕಾಯುವವರದು ಮಾತ್ರ ಎಂಬ ಸ್ಥಿತಿ ಬಹುಕಾಲ ನಡೆಯಲಾರದು. ಆದರೆ ಪ್ರತಿಫಲ ಕೊಡಬೇಕೆಂದು ಒಪ್ಪುವುದು ಸುಲಭ. ಯಾರಿಗೆ, ಯಾವುದಕ್ಕೆ, ಎಷ್ಟು ಕಾಲ ಎಂದು ನಿಗದಿ ಮಾಡುವುದು ಕಷ್ಟ.

ಇಂಗಾಲದ ಲೆಕ್ಕ ಎಂದರೇನು?

ಗಿಡಮರಗಳು ಗಾಳಿಯಲ್ಲಿರುವ ಕಾರ್ಬನ್ ಡೈ ಆಕ್ಸೈಡ್ ಎಂಬ ಇಂಗಾಲಾಮ್ಲ ವಾಯುವನ್ನು ಎಲೆಗಳ ಮೂಲಕ ಹೀರಿ, ಅದರಲ್ಲಿನ ಇಂಗಾಲವನ್ನು ಕಾಂಡ, ಕೊಂಬೆ, ಬೇರುಗಳಲ್ಲಿ ಸೇರಿಸಿಕೊಳ್ಳುತ್ತವೆ. ಚೆನ್ನಾಗಿ ಒಣಗಿದ ಮರದ ತೂಕದಲ್ಲಿ ಹೆಚ್ಚು ಕಡಿಮೆ ಅರ್ಧ ಪಾಲು ಇಂಗಾಲವೇ. ಒಂದು ಟನ್ ಇಂಗಾಲವು ಸುಮಾರು 3.67 ಟನ್ ಇಂಗಾಲಾಮ್ಲಕ್ಕೆ ಸಮ. ಆದ್ದರಿಂದ ಒಣ ತೂಕ ಒಂದು ಟನ್ ಇರುವ ಒಂದು ಮರವು ಸುಮಾರು 1.8 ಟನ್ ಇಂಗಾಲಾಮ್ಲವನ್ನು ಗಾಳಿಯಿಂದ ತೆಗೆದು ಇಟ್ಟುಕೊಂಡಿದೆ ಎಂದು ಲೆಕ್ಕ ಹಾಕಬಹುದು. ಮರವನ್ನು ಕಡಿದು ಸುಟ್ಟರೆ ಅಷ್ಟೂ ಗಾಳಿಗೆ ಹಿಂದಿರುಗುತ್ತದೆ.

ಮರವನ್ನು ಕಡಿದು ತೂಗಲು ಆಗುವುದಿಲ್ಲವಷ್ಟೆ. ಆದಕಾರಣ ನೆಲದಿಂದ ಸುಮಾರು ನಾಲ್ಕೂಕಾಲು ಅಡಿ ಎತ್ತರದಲ್ಲಿ ಕಾಂಡದ ಸುತ್ತಳತೆ ತೆಗೆದು, ಮರದ ಜಾತಿಗೆ ತಕ್ಕ ಸೂತ್ರದಿಂದ ತೂಕವನ್ನು ಅಂದಾಜು ಮಾಡುತ್ತಾರೆ. ಹೀಗೆ ಲೆಕ್ಕ ಹಾಕಿ, ಮೂರನೆಯವರಿಂದ ಪರಿಶೀಲನೆ ಮಾಡಿಸಿ, ಒಂದು ಟನ್ ಇಂಗಾಲಾಮ್ಲಕ್ಕೆ ಒಂದರಂತೆ ಕೊಡುವ ಪತ್ರವೇ ಕಾರ್ಬನ್ ಕ್ರೆಡಿಟ್. ಹೊಗೆ ಬಿಡುವ ಕಾರ್ಖಾನೆಗಳೂ ವಿಮಾನ ಕಂಪನಿಗಳೂ ತಮ್ಮ ಹೊಗೆಯ ಲೆಕ್ಕಕ್ಕೆ ಎದುರಾಗಿ ಈ ಪತ್ರಗಳನ್ನು ಕೊಳ್ಳುತ್ತವೆ. ಅಂದರೆ ನಮ್ಮ ಮರ ನಮ್ಮಲ್ಲೇ ಇರುತ್ತದೆ. ಅದು ಹೀರಿದ ಇಂಗಾಲದ ಹೆಸರು ಮಾತ್ರ ಬೇರೆಯವರಿಗೆ ಮಾರಾಟವಾಗುತ್ತದೆ.

ಈ ಪದ್ಧತಿ ಬೆಳೆದುಬಂದ ಬಗೆ

1997ರ ಕ್ಯೋಟೋ ಒಪ್ಪಂದದಲ್ಲಿ ಬಡ ದೇಶಗಳ ಯೋಜನೆಗಳಿಂದ ಕ್ರೆಡಿಟ್ ಕೊಳ್ಳುವ ದಾರಿ ತೆರೆಯಿತು. ಆದರೆ ಆ ವ್ಯವಸ್ಥೆಯಲ್ಲಿ ಹೊಸದಾಗಿ ಮರ ನೆಡುವುದಕ್ಕೆ ಮಾತ್ರ ಅವಕಾಶವಿತ್ತು. ಅದೂ 1989ರ ಕೊನೆಗೆ ಕಾಡಿಲ್ಲದಿದ್ದ ಭೂಮಿಯಲ್ಲಿ. ಇರುವ ಕಾಡನ್ನು ಕಾಯುವ ಕೆಲಸ ಲೆಕ್ಕಕ್ಕೆ ಬರಲಿಲ್ಲ. ಉಷ್ಣವಲಯದ ದೇಶಗಳು ಇದನ್ನು ಆಕ್ಷೇಪಿಸಿದವು. 2005ರಲ್ಲಿ ಪಪುವಾ ನ್ಯೂಗಿನಿ ಮತ್ತು ಕೋಸ್ಟರಿಕಾ ದೇಶಗಳು ಈ ವಿಷಯವನ್ನು ವಿಶ್ವಸಂಸ್ಥೆಯ ಸಮ್ಮೇಳನದ ಮುಂದಿಟ್ಟವು. 2007ರ ಬಾಲಿ ಸಮ್ಮೇಳನದಲ್ಲಿ ಕಾಡಿನ ನಾಶವನ್ನು ತಡೆಯುವುದಕ್ಕೂ ಪ್ರತಿಫಲ ಸಲ್ಲಬೇಕೆಂಬ ತತ್ವಕ್ಕೆ ಮನ್ನಣೆ ಸಿಕ್ಕಿತು. ಇದೇ 'ರೆಡ್ ಪ್ಲಸ್' ಎಂಬ ಹೆಸರಿನಿಂದ ಪ್ರಚಾರದಲ್ಲಿದೆ. 2013ರ ವಾರ್ಸಾ ಸಮ್ಮೇಳನ ಇದರ ನಿಯಮಗಳನ್ನು ರೂಪಿಸಿತು. 2018ರಲ್ಲಿ ಭಾರತ ಸರ್ಕಾರ ತನ್ನದೇ ರಾಷ್ಟ್ರೀಯ ಕಾರ್ಯನೀತಿಯನ್ನು ಪ್ರಕಟಿಸಿತು.

ಕೋಸ್ಟರಿಕಾ ಇದಕ್ಕೂ ಮೊದಲೇ ತನ್ನದೇ ದಾರಿ ಹಿಡಿದಿತ್ತು. ನಮ್ಮಂತೆಯೇ ಕಾಫಿ ಬೆಳೆಯುವ ಈ ಪುಟ್ಟ ದೇಶ 1996ರಲ್ಲಿ ಅರಣ್ಯ ಕಾಯಿದೆಯನ್ನು ತಂದು, ಕಾಡನ್ನು ಬೇರೆ ಉಪಯೋಗಕ್ಕೆ ತಿರುಗಿಸುವುದನ್ನು ನಿಷೇಧಿಸಿತು. ಜೊತೆಗೆ ಪೆಟ್ರೋಲ್, ಡೀಸೆಲ್ ಮೇಲಿನ ತೆರಿಗೆಯಲ್ಲಿ ಒಂದು ಪಾಲನ್ನು ತೆಗೆದಿಟ್ಟು, ಕಾಡು ಉಳಿಸಿಕೊಂಡ ಭೂಮಾಲೀಕರಿಗೆ ಹೆಕ್ಟೇರಿಗೆ ಇಷ್ಟೆಂದು 1997ರಿಂದ ಪಾವತಿ ಮಾಡತೊಡಗಿತು. ಅಲ್ಲಿ ನಿಷೇಧವೂ ಇದೆ, ಪ್ರತಿಫಲವೂ ಇದೆ. ಪಾವತಿ ಟನ್ ಲೆಕ್ಕದಲ್ಲಿಲ್ಲ, ವಿಸ್ತೀರ್ಣದ ಲೆಕ್ಕದಲ್ಲಿದೆ. ಇವು ನಾವು ಗಮನಿಸಬೇಕಾದ ಅಂಶಗಳು. ಆದರೆ ಅಲ್ಲಿಯೂ ಮೊದಮೊದಲು ಭೂಮಿಯ ಪತ್ರ ಸರಿಯಾಗಿದ್ದ ದೊಡ್ಡ ಹಿಡುವಳಿದಾರರೇ ಹೆಚ್ಚು ಲಾಭ ಪಡೆದರು. ಪತ್ರವಿಲ್ಲದ ಸಣ್ಣವರು ಹಿಂದೆ ಉಳಿದರು.

ನಲ್ಲೂರು ತೋಪು ಕೇಳುವ ಪ್ರಶ್ನೆ

ದೂರದ ಮಾತು ಬಿಟ್ಟು ನಮ್ಮ ಜಿಲ್ಲೆಗೆ ಬರೋಣ. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನಲ್ಲಿ ಸುಮಾರು 54 ಎಕರೆಯ ಹುಣಸೆ ತೋಪು ಇದೆ. ಸುಮಾರು 300 ಮರಗಳು. ಕೆಲವು ಮರಗಳಿಗೆ ನಾನೂರು ವರ್ಷ ವಯಸ್ಸಾಗಿದೆಯೆಂದು ಹೇಳುತ್ತಾರೆ. ಚೋಳರ ಕಾಲದ ತೋಪು ಎಂಬುದು ಊರಿನವರ ನಂಬಿಕೆ. 2007ರಲ್ಲಿ ರಾಜ್ಯ ಸರ್ಕಾರ 2002ರ ಜೀವವೈವಿಧ್ಯ ಕಾಯಿದೆಯಂತೆ ಇದನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿತು. ಇಡೀ ದೇಶದಲ್ಲಿ ಇಂಥ ಮನ್ನಣೆ ಪಡೆದ ಮೊದಲ ತಾಣ ಇದೇ. ಆಮೇಲೆ ನಮ್ಮ ರಾಜ್ಯದಲ್ಲಿ ಚಿಕ್ಕಮಗಳೂರಿನ ಹೊಗರೆಕಾನು, ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣ, ಶಿವಮೊಗ್ಗ ಜಿಲ್ಲೆಯ ಅಂಬಾರಗುಡ್ಡ ಇವುಗಳಿಗೂ ಈ ಮನ್ನಣೆ ದೊರೆಯಿತು.

ಈ ತೋಪಿಗೆ ಇಂಗಾಲದ ಹಣ ಬರುವುದೇ ಎಂದು ಕೇಳಿದರೆ, ಇಂದಿನ ಮಾರುಕಟ್ಟೆಯ ನಿಯಮದಂತೆ ಉತ್ತರ ಬಹುಮಟ್ಟಿಗೆ 'ಇಲ್ಲ' ಎಂದೇ. ಹಣ ಕೊಡುವವರು ಮೊದಲು ಕೇಳುವ ಪ್ರಶ್ನೆ: ನಮ್ಮ ಹಣ ಬಾರದಿದ್ದರೆ ಈ ಮರಗಳು ಉಳಿಯುತ್ತಿರಲಿಲ್ಲವೇ? ನೂರಾರು ವರ್ಷಗಳಿಂದ ಯಾವ ಹಣವೂ ಇಲ್ಲದೆ ಉಳಿದುಬಂದ ತೋಪಿನಲ್ಲಿ, ಹಣದಿಂದಾಗಿ ಉಳಿದದ್ದು ಎಂದು ತೋರಿಸಲು ಏನೂ ಇರುವುದಿಲ್ಲ. ಮುದಿ ಮರಗಳು ವರ್ಷಕ್ಕೆ ಹೊಸದಾಗಿ ಸೇರಿಸಿಕೊಳ್ಳುವ ಇಂಗಾಲವೂ ಎಳೆ ತೋಪಿನಷ್ಟು ಬೇಗ ಲೆಕ್ಕಕ್ಕೆ ಕಾಣುವುದಿಲ್ಲ. ಅದೇ ಒಂದು ಬೋಳು ಗೋಮಾಳದಲ್ಲಿ ಸಸಿ ನೆಟ್ಟರೆ, ಏರುವ ಪ್ರತಿ ಟನ್ನನ್ನೂ ಹೊಸದೆಂದು ತೋರಿಸಬಹುದು. ಹೀಗಾಗಿ ಕಾಪಾಡಿಕೊಂಡು ಬಂದ ಊರಿಗೆ ಏನೂ ಇಲ್ಲ, ಕಳೆದುಕೊಂಡು ಮತ್ತೆ ನೆಟ್ಟ ಊರಿಗೆ ಹಣವುಂಟು ಎಂಬ ವಿಪರೀತ ಪರಿಸ್ಥಿತಿ ಉಂಟಾಗುತ್ತದೆ.

ಕೊಳ್ಳುವವರ ಪ್ರಶ್ನೆಯೂ ತಪ್ಪಲ್ಲ. ಹೇಗಾದರೂ ಉಳಿಯುತ್ತಿದ್ದ ಕಾಡಿನ ಹೆಸರಿನಲ್ಲಿ ಪತ್ರ ಮಾರಿದರೆ ಗಾಳಿಗೆ ಏನೂ ಲಾಭವಿಲ್ಲ. ಕೊಂಡವನ ಹೊಗೆ ಮಾತ್ರ ಹಾಗೆಯೇ ಮುಂದುವರಿಯುತ್ತದೆ. 2023ರಲ್ಲಿ ಯೂರೋಪಿನ ಪತ್ರಿಕೆಗಳ ತನಿಖೆಯೂ ವಿಜ್ಞಾನಿಗಳ ಪರಿಶೀಲನೆಯೂ ಬೆಳಕಿಗೆ ತಂದದ್ದು ಇದನ್ನೇ. ಕಾಡು ಉಳಿಸಿದ್ದೇವೆಂದು ಮಾರಿದ್ದ ಕ್ರೆಡಿಟ್‌ಗಳಲ್ಲಿ ಬಹುಪಾಲು, ನಿಜವಾಗಿ ತಡೆದ ನಾಶಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಗಿದ್ದವು. ನಾಶದ ಭೀತಿಯನ್ನು ಹಿಗ್ಗಿಸಿ ಬರೆದಷ್ಟೂ ಕ್ರೆಡಿಟ್ ಹೆಚ್ಚುವ ಪದ್ಧತಿಯಲ್ಲಿ ಇದು ಆಶ್ಚರ್ಯವೂ ಅಲ್ಲ. ಈ ಸುದ್ದಿಯಿಂದ ಕೊಳ್ಳುವವರ ನಂಬಿಕೆ ಕುಸಿದಾಗ ಪ್ರಾಮಾಣಿಕವಾಗಿ ದುಡಿದ ಹಳ್ಳಿಗಳ ಪತ್ರಗಳಿಗೂ ಪೆಟ್ಟು ಬೀಳುತ್ತದೆ.

ನಮ್ಮ ಕಾಯಿದೆ ಏನು ಹೇಳುತ್ತದೆ? ಪಾರಂಪರಿಕ ತಾಣದ ಘೋಷಣೆಯಿಂದ ಯಾರಿಗಾದರೂ ಆರ್ಥಿಕವಾಗಿ ತೊಂದರೆಯಾದರೆ ಅವರಿಗೆ ಪರಿಹಾರ ಕೊಡಲು ರಾಜ್ಯ ಸರ್ಕಾರ ಯೋಜನೆ ರೂಪಿಸಬೇಕೆಂದು ಜೀವವೈವಿಧ್ಯ ಕಾಯಿದೆಯ 37ನೆಯ ವಿಧಿ ಹೇಳುತ್ತದೆ. ಇದು ನಷ್ಟ ಹೊಂದಿದವರಿಗೆ ಸಲ್ಲುವ ಪರಿಹಾರ. ಕಾಯ್ದವರಿಗೆ ಸಲ್ಲುವ ಸಂಭಾವನೆ ಬೇರೆಯೇ ವಿಷಯ. ಅಲ್ಲದೆ ಊರಿನ ಜೀವಸಂಪತ್ತನ್ನು ವ್ಯಾಪಾರಕ್ಕಾಗಿ ಒಯ್ಯುವವರಿಂದ ಶುಲ್ಕ ವಸೂಲು ಮಾಡುವ ಅಧಿಕಾರವನ್ನು ಸ್ಥಳೀಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಈ ಕಾಯಿದೆ ಕೊಟ್ಟಿದೆ. ಇದು ಚಿಕ್ಕ ದಾರಿಯಾದರೂ ನಮ್ಮ ಕೈಯಲ್ಲೇ ಇರುವ ದಾರಿ.

ಮರ ಯಾರದು?

ಎರಡನೆಯ ತೊಡಕು ಹಕ್ಕಿನದು. ಯಾರ ಮರವೋ ಅವರಿಗೆ ಹಣ ಎಂದರೆ ಸರಿ. ಆದರೆ ಮರ ಯಾರದೆಂಬುದೇ ನಮ್ಮಲ್ಲಿ ಎಷ್ಟೋ ಕಡೆ ಸ್ಪಷ್ಟವಿಲ್ಲ.

ಶ್ರೀಗಂಧದ ಉದಾಹರಣೆ ಎಲ್ಲರಿಗೂ ಗೊತ್ತಿರುವಂಥದು. ಟಿಪ್ಪುವಿನ ಕಾಲದಿಂದಲೂ ಗಂಧದ ಮರ ದೊರೆತನದ ಸ್ವತ್ತು. ನಮ್ಮ ಹೊಲದಲ್ಲೇ ಹುಟ್ಟಿದರೂ ಮರ ಸರ್ಕಾರದ್ದು, ಕಳುವಾದರೆ ತಾಪತ್ರಯ ನಮ್ಮದು. ಆದಕಾರಣ ಬದುವಿನಲ್ಲಿ ಗಂಧದ ಸಸಿ ಕಂಡರೆ ಕಿತ್ತು ಹಾಕುತ್ತಿದ್ದವರೂ ಇದ್ದರು. 2001ರಲ್ಲಿ ಕಾಯಿದೆ ತಿದ್ದುಪಡಿಯಾಗಿ ಮರ ಭೂಮಾಲೀಕನದೇ ಎಂದಾದ ಮೇಲೆ ರೈತರು ಗಂಧ ನೆಡಲು ಮುಂದೆ ಬಂದರು. ಹಕ್ಕು ಬದಲಾದರೆ ನಡತೆಯೂ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಕೊಡಗಿನ ಕಾಫಿ ತೋಟಗಳಲ್ಲಿ ಇದರ ಇನ್ನೊಂದು ಮುಖವಿದೆ. ಬಾಣೆ ಜಮೀನುಗಳಲ್ಲಿ ಬೀಟೆ, ನಂದಿ, ಹೊನ್ನೆ ಮುಂತಾದ ಕಾಡುಮರಗಳ ಮೇಲೆ ಬೆಳೆಗಾರನಿಗಿರುವ ಹಕ್ಕು ಬಹುಕಾಲ ವ್ಯಾಜ್ಯದ ವಿಷಯವಾಯಿತು. ಕಡಿಯಲು ಅನುಮತಿಗಾಗಿ ಕಛೇರಿಗಳನ್ನು ಅಲೆಯಬೇಕು. ಸಿಲ್ವರ್ ಓಕ್ ಹಾಗಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಲ್ಲಿ ಸಿಲ್ವರ್ ಓಕ್, ನೀಲಗಿರಿ, ಸರ್ವೆಗಳಿಗೆ ಅನುಮತಿಯಿಂದ ವಿನಾಯಿತಿ ಇದೆ. ಪರಿಣಾಮವಾಗಿ ಕಾಡುಮರದ ನೆರಳು ಹೋಗಿ ಸಿಲ್ವರ್ ಓಕ್ ನೆರಳು ಬಂತು. ಮರ ಉಳಿಸಬೇಕೆಂದು ಮಾಡಿದ ಕಟ್ಟಳೆಯೇ ಒಳ್ಳೆಯ ಮರ ಬೆಳೆಸದಂತೆ ಮಾಡಿತು. ಈ ಗಂಟನ್ನು ಬಿಡಿಸದೆ ನೆರಳು ಮರಗಳಿಗೆ ಇಂಗಾಲದ ಹಣ ಕೊಡುತ್ತೇವೆಂದರೆ, ಹಣವೂ ಸಿಲ್ವರ್ ಓಕ್ ಕಡೆಗೇ ಹರಿಯುತ್ತದೆ.

ಅಡಿಕೆ ಬೆಳೆಗಾರರಿಗೆ ಸೊಪ್ಪಿನ ಬೆಟ್ಟದ ವಿಷಯ ತಿಳಿದೇ ಇದೆ. ಶಿರಸಿ, ಸಿದ್ದಾಪುರದ ಕಡೆ ಬ್ರಿಟಿಷರ ಕಾಲದಿಂದ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟದ ಸೌಲಭ್ಯವಿದೆ. ಸೊಪ್ಪು, ದರಗು, ಸೌದೆ ತರಬಹುದು. ನೆಲ ಮಾತ್ರ ಸರ್ಕಾರದ್ದು. ತಲೆಮಾರುಗಳಿಂದ ಬೆಟ್ಟವನ್ನು ಬೋಳಾಗಲು ಬಿಡದೆ ಕಾಯ್ದ ಕುಟುಂಬಕ್ಕೆ ಅಲ್ಲಿನ ಇಂಗಾಲದ ಮೇಲೆ ಹಕ್ಕಿದೆಯೇ? ಸೌಲಭ್ಯದ ಪತ್ರ ಬರೆದ ಕಾಲದಲ್ಲಿ ಇಂಗಾಲದ ಮಾತೇ ಇರಲಿಲ್ಲ. ನಮ್ಮ ಬಯಲುಸೀಮೆಯ ಗುಂಡುತೋಪುಗಳದೂ ಇದೇ ಕಥೆ. ದಾರಿಹೋಕರ ನೆರಳಿಗೆಂದು ಹಿರಿಯರು ಮಾವು, ಹುಣಸೆ, ನೇರಳೆ, ಹಿಪ್ಪೆ ನೆಟ್ಟರು. ಮರಕ್ಕೆ ಊರಿನ ಶ್ರಮ, ಭೂಮಿಗೆ ಸರ್ಕಾರದ ಸರ್ವೆ ನಂಬರು. ಶಾಲೆ, ನಿವೇಶನ, ರಸ್ತೆ ಎಂದು ಜಾಗ ಬೇಕಾದಾಗ ಮೊದಲು ಕಣ್ಣಿಗೆ ಬೀಳುವುದು ಈ ತೋಪುಗಳೇ.

ಹಕ್ಕು ಸ್ಪಷ್ಟವಿದ್ದಲ್ಲಿ ಏನಾಗಬಹುದು ಎಂಬುದಕ್ಕೆ ಮೇಘಾಲಯದ ಖಾಸಿ ಬೆಟ್ಟಗಳ ಮಾವ್‌ಫ್ಲಾಂಗ್ ಪ್ರದೇಶ ನಿದರ್ಶನ. ಅಲ್ಲಿನ ಕಾಡು ಸಂವಿಧಾನದ ಆರನೆಯ ಅನುಸೂಚಿಯ ರಕ್ಷಣೆಯಲ್ಲಿ ಸಮುದಾಯದ ಕೈಯಲ್ಲೇ ಇದೆ. ಹತ್ತು 'ಹಿಮಾ'ಗಳು, ಅಂದರೆ ಸಾಂಪ್ರದಾಯಿಕ ಸಂಸ್ಥಾನಗಳು, ಸೇರಿ ಒಕ್ಕೂಟ ಮಾಡಿಕೊಂಡು 62 ಹಳ್ಳಿಗಳ ಸುಮಾರು 27,000 ಹೆಕ್ಟೇರಿನಲ್ಲಿ ಬೆಂಕಿ, ಸೌದೆ, ಇದ್ದಲು, ಕಲ್ಲುಗಣಿಗಳ ಹಾವಳಿಯನ್ನು ತಡೆಯುವ ಕೆಲಸ ಕೈಗೊಂಡವು. ಒಕ್ಕೂಟವೇ ಕ್ರೆಡಿಟ್ ಮಾರಿ, ಬಂದ ಹಣವನ್ನು ಹಳ್ಳಿಗಳ ಸಮಿತಿಗಳಿಗೂ ಸ್ವಸಹಾಯ ಗುಂಪುಗಳಿಗೂ ಹಂಚಿತು. ಮೊಬಲಗು ದೊಡ್ಡದಲ್ಲ, ಆದರೆ ಮಾರಿದವರೂ ಕಾಯ್ದವರೂ ಒಬ್ಬರೇ.

ನಮ್ಮ ರಾಜ್ಯದಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2006ರ ಅರಣ್ಯ ಹಕ್ಕು ಕಾಯಿದೆಯಂತೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಮುಂದೆ ಇಂಗಾಲದ ಮಾತು ಬಂದರೆ ಅವರ ಬಳಿ ತೋರಿಸಲು ಒಂದು ಪತ್ರವಿದೆ. ನಮ್ಮ ಗುಂಡುತೋಪಿನ ಊರುಗಳ ಬಳಿ ಅದಿಲ್ಲ.

ನೀಲಗಿರಿಯ ಪಾಠ

ಮೂರನೆಯ ತೊಡಕು: ಯಾವುದಕ್ಕೆ ಹಣ ಕೊಡುತ್ತೇವೋ ಅದೇ ಬೆಳೆಯುತ್ತದೆ. ಇದನ್ನು ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1983-84ರಿಂದ ವಿಶ್ವಬ್ಯಾಂಕಿನ ನೆರವಿನಲ್ಲಿ ಸಾಮಾಜಿಕ ಅರಣ್ಯ ಯೋಜನೆ ನಡೆಯಿತು. ಸೌದೆ, ಮೇವು, ಸೊಪ್ಪು ಹಳ್ಳಿಗೆ ಸಿಗಲೆಂಬುದು ಅದರ ಉದ್ದೇಶ. ಆದರೆ ಎಣಿಕೆಗೆ ಬಂದದ್ದು ಸಸಿಗಳ ಸಂಖ್ಯೆ. ಬೇಗ ಬೆಳೆಯುವ, ದನ ಮುಟ್ಟದ, ಕಾವಲು ಬೇಡದ ನೀಲಗಿರಿಯೇ ಎಲ್ಲರಿಗೂ ಅನುಕೂಲವಾಯಿತು. ರಾಗಿಯ ಹೊಲಗಳೂ ನೀಲಗಿರಿ ತೋಪಾದವು. ಕೂಲಿಯವರಿಗೆ ಕೆಲಸ ಕಡಿಮೆಯಾಯಿತು, ದನಗಳಿಗೆ ಮೇವು ಕಡಿಮೆಯಾಯಿತು. ಮರ ಲಾರಿಯಲ್ಲಿ ಕಾರ್ಖಾನೆಗೆ ಹೋಯಿತು.

ನೀರಿನ ಮೇಲಾದ ಪರಿಣಾಮ ಇನ್ನೂ ಗಂಭೀರ. ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಮೂಲಕ ಹರಿದು ಹೆಸರಘಟ್ಟ, ತಿಪ್ಪಗೊಂಡನಹಳ್ಳಿ ಜಲಾಶಯಗಳನ್ನು ತುಂಬುತ್ತಿದ್ದ ಅರ್ಕಾವತಿ ಏಕೆ ಬತ್ತಿತು ಎಂದು ಪರಿಶೀಲಿಸಿದ ಸಂಶೋಧಕರು ಮುಖ್ಯವಾಗಿ ಕೊಳವೆ ಬಾವಿಗಳಿಂದ ಅತಿಯಾಗಿ ನೀರೆತ್ತುವುದನ್ನೂ ನೀಲಗಿರಿ ತೋಪುಗಳನ್ನೂ ಕಾರಣವಾಗಿ ಎತ್ತಿ ತೋರಿಸಿದ್ದಾರೆ. ಕೊನೆಗೆ 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಕೊಳವೆ ಬಾವಿಯ ನೀರಿನಿಂದ ಅಡಿಕೆ ಬೆಳೆಯುವ ನಾವೂ ಈ ಲೆಕ್ಕದಿಂದ ಹೊರತಲ್ಲ ಎಂಬುದನ್ನು ಮರೆಯಬಾರದು.

ಈಗ ಸಸಿಯ ಬದಲು ಇಂಗಾಲದ ಟನ್ ಎಣಿಸಿದರೆ ಪರಿಣಾಮ ಬೇರೆಯಾದೀತೇ? ಇಂಗಾಲವನ್ನು ಮಾತ್ರ ಎಣಿಸುವವನಿಗೆ ನೀಲಗಿರಿಯೂ ಅಕೇಷಿಯವೂ ಹುಣಸೆಗಿಂತ ಲಾಭದ ಮರಗಳು. ನೀರು, ಮೇವು, ಜೇನು, ಹಕ್ಕಿ, ಹಣ್ಣು ಇವು ಯಾವುದೂ ಆ ಲೆಕ್ಕದ ಪುಸ್ತಕದಲ್ಲಿಲ್ಲ. 2023ರಲ್ಲಿ ಕೇಂದ್ರ ಸರ್ಕಾರ ಜಾರಿಗೆ ತಂದ ಗ್ರೀನ್ ಕ್ರೆಡಿಟ್ ಕಾರ್ಯಕ್ರಮದಲ್ಲೂ ಮೊದಲು ನೆಟ್ಟ ಮರದ ಸಂಖ್ಯೆಗೆ ಕ್ರೆಡಿಟ್ ಎಂದಿತ್ತು. ಟೀಕೆ ಬಂದ ಮೇಲೆ 2025ರಲ್ಲಿ, ಐದು ವರ್ಷ ಪೋಷಿಸಿ ಶೇಕಡಾ 40ರಷ್ಟು ಹಸಿರು ಹೊದಿಕೆ ತೋರಿಸಬೇಕೆಂದು ನಿಯಮ ಬದಲಾಯಿತು. ಇದು ಒಳ್ಳೆಯ ತಿದ್ದುಪಡಿಯೇ. ಆದರೆ ಅಲ್ಲಿ ನೆಡುವುದು ಹೆಚ್ಚಾಗಿ ಅರಣ್ಯ ಇಲಾಖೆಯ ಕ್ಷೀಣಿಸಿದ ಭೂಮಿಯಲ್ಲಿ, ಕ್ರೆಡಿಟ್ ಸೇರುವುದು ಹಣ ಹೂಡಿದ ಸಂಸ್ಥೆಗೆ. ಆ ಭೂಮಿಯಲ್ಲಿ ಕುರಿ ಮೇಯಿಸುತ್ತಿದ್ದವರ ಪಾಲು ಎಲ್ಲಿ ಎಂಬ ಪ್ರಶ್ನೆ ಉಳಿದೇ ಇದೆ.

ಪಕ್ಕದೂರಿಗೆ ಸರಿಯುವ ಕೊಡಲಿ, ಕಾಲದ ಕರಾರು

ಒಂದೂರಿನ ತೋಪಿಗೆ ಬೇಲಿ ಹಾಕಿ ಸೌದೆ ತರುವುದನ್ನು ನಿಲ್ಲಿಸಿದರೆ ಒಲೆ ಆರುವುದಿಲ್ಲ. ಹೆಂಗಸರು ಇನ್ನೂ ಎರಡು ಮೈಲಿ ನಡೆದು ಪಕ್ಕದ ಊರಿನ ಗೋಮಾಳಕ್ಕೆ ಹೋಗುತ್ತಾರೆ. ಒಂದು ಕಡೆ ಉಳಿದ ಇಂಗಾಲ ಇನ್ನೊಂದು ಕಡೆ ಸೋರಿಹೋಗುತ್ತದೆ. ಇದನ್ನು ತಡೆಯಬೇಕಾದರೆ ಬೇಲಿಗಿಂತ ಮೊದಲು ಒಲೆಗೆ, ದನಕ್ಕೆ ಬದಲಿ ವ್ಯವಸ್ಥೆ ಮಾಡಬೇಕು. ಒಂದೊಂದೇ ಊರಿನ ಬದಲು ಹೋಬಳಿಯ ಊರುಗಳೆಲ್ಲ ಒಟ್ಟಿಗೆ ಸೇರಬೇಕು.

ಕಾಲದ ಪ್ರಶ್ನೆ ಇನ್ನೂ ಬಿಗಿಯಾದದ್ದು. ಇಂಗಾಲದ ಕರಾರುಗಳು ಸಾಮಾನ್ಯವಾಗಿ 20, 30, 40 ವರ್ಷಗಳವು. ನಮ್ಮಲ್ಲಿ ಅಷ್ಟರೊಳಗೆ ಒಂದು ಸಾರಿ ಪಾಲು ಆಗುತ್ತದೆ, ಒಂದು ಮದುವೆಗೋ ಕಾಯಿಲೆಗೋ ಮರ ಮಾರಬೇಕಾಗುತ್ತದೆ. ಮರವೆಂದರೆ ರೈತನಿಗೆ ಬ್ಯಾಂಕಿನಲ್ಲಿಟ್ಟ ಹಣದ ಹಾಗೆ. ಆಪತ್ತಿಗೆ ತೆಗೆಯಲಾಗದ ಹಣವಿದ್ದು ಫಲವೇನು? ಅಲ್ಲದೆ ನಮ್ಮ ಜಿಲ್ಲೆಯಲ್ಲಿ ಭೂಮಿಯ ಮೇಲಿನ ಒತ್ತಡ ಎಲ್ಲರಿಗೂ ಗೊತ್ತಿದೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಬೆಲೆ ಏರಿದ್ದನ್ನು ಕಣ್ಣಾರೆ ಕಂಡಿದ್ದೇವೆ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯ ಭೂಸ್ವಾಧೀನವನ್ನು ರೈತರು ಮೂರು ವರ್ಷಕ್ಕೂ ಮೀರಿ ಹೋರಾಡಿದ ಮೇಲೆ 2025ರ ಜುಲೈ ತಿಂಗಳಲ್ಲಿ ಸರ್ಕಾರ ಕೈಬಿಟ್ಟಿತು. ಇಂಥ ಬೆಲೆಯ ಎದುರಿಗೆ ಯಾವ ಇಂಗಾಲದ ದರವೂ ನಿಲ್ಲಲಾರದು. ಇಲ್ಲಿ ಮರ ಉಳಿಸುವವರು ಹಣಕ್ಕಾಗಿ ಉಳಿಸುತ್ತಿಲ್ಲ. ಹಣ ಅವರ ಕೈ ಬಲಪಡಿಸಬಹುದು, ಅಷ್ಟೆ.

ಸಣ್ಣ ಹಿಡುವಳಿಯ ಲೆಕ್ಕ

ತಿಳುವಳಿಕೆಗಾಗಿ ಒಂದು ಊಹೆಯ ಲೆಕ್ಕ ಮಾಡೋಣ. ಎರಡು ಎಕರೆಯಲ್ಲಿ ಮಿಶ್ರ ಮರಗಳನ್ನು ಬೆಳೆಸಿದ ಬೆಳೆಗಾರನಿಗೆ ಎಕರೆಗೆ ವರ್ಷಕ್ಕೆ 2 ಟನ್ ಇಂಗಾಲಾಮ್ಲದಂತೆ 4 ಟನ್ ಲೆಕ್ಕ ಸಿಕ್ಕಿತೆನ್ನಿ. ಬೆಂಕಿ, ಬಿರುಗಾಳಿಗಳ ನಷ್ಟಕ್ಕೆಂದು ಐದರಲ್ಲೊಂದು ಪಾಲನ್ನು ಹಿಡಿದಿಟ್ಟರೆ 3.2 ಟನ್ ಉಳಿಯಿತು. ಟನ್ನಿಗೆ 500 ರೂಪಾಯಿಯಂತೆ 1,600 ರೂಪಾಯಿ. ಅಳತೆ, ಪರಿಶೀಲನೆ, ನೋಂದಣಿ, ಮಧ್ಯವರ್ತಿಯ ಪಾಲು ಎಂದು ಅರ್ಧ ಕಳೆದರೆ ಕೈಗೆ ಬರುವುದು ವರ್ಷಕ್ಕೆ 800 ರೂಪಾಯಿ. ದರ ಹೆಚ್ಚಾದರೆ, ಖರ್ಚು ಕಡಿಮೆಯಾದರೆ ಮೊಬಲಗು ಹೆಚ್ಚಬಹುದು. ಆದರೂ ಇದು ಉಪ್ಪಿನಕಾಯಿಯೇ ಹೊರತು ಊಟವಲ್ಲ.

ಪರಿಶೀಲನೆಯ ಖರ್ಚು ಎರಡು ಎಕರೆಗೂ ಎರಡು ಸಾವಿರ ಎಕರೆಗೂ ಹೆಚ್ಚು ವ್ಯತ್ಯಾಸವಾಗುವುದಿಲ್ಲ. ಒಬ್ಬೊಬ್ಬರೇ ಹೋದರೆ ಸಣ್ಣ ಬೆಳೆಗಾರರಿಗೆ ನಷ್ಟವೇ. ಗುಂಪಾಗಿ ಹೋದರೆ ಮಾತ್ರ ಸಾಧ್ಯ. ಆಂಧ್ರದ ಅರಕು ಕಣಿವೆಯಲ್ಲಿ ಗಿರಿಜನ ಕಾಫಿ ಬೆಳೆಗಾರರು ಸಹಕಾರ ರೀತಿಯಲ್ಲಿ ಸಂಘಟಿತರಾದ ಮೇಲೆಯೇ ಅಂಥ ಯೋಜನೆ ಅಲ್ಲಿಗೆ ಬಂದದ್ದು. ಯೂರೋಪಿನ ಕಂಪನಿಗಳ ನಿಧಿಯೊಂದು 60 ಲಕ್ಷ ಮರಗಳನ್ನು ನೆಡುವ ಖರ್ಚನ್ನು ಮೊದಲೇ ಕೊಟ್ಟು, ಬದಲಿಗೆ 20 ವರ್ಷಗಳ ಕ್ರೆಡಿಟ್ ಪಡೆಯುವ ಒಪ್ಪಂದವದು. ಹಣ್ಣು, ಕಾಫಿ ಬೆಳೆಗಾರರದು. ಅಂದರೆ ಅವರ ಮುಖ್ಯ ಲಾಭ ಇರುವುದು ಸಸಿ, ತರಬೇತಿ ಮತ್ತು ಬೆಳೆಯಲ್ಲಿ. ಇಂಗಾಲದ ಹಣ ಅದಕ್ಕೆ ಮೊದಲ ಬಂಡವಾಳವಾಯಿತು.

ಊರೊಳಗಿನ ಹಂಚಿಕೆ

ಹಣ ಊರಿಗೆ ಬಂದ ಮೇಲೂ ತೊಡಕು ಮುಗಿಯುವುದಿಲ್ಲ. 1993ರ ಸರ್ಕಾರಿ ಆದೇಶದಂತೆ ನಮ್ಮ ರಾಜ್ಯದಲ್ಲಿ ಗ್ರಾಮ ಅರಣ್ಯ ಸಮಿತಿಗಳು ಹುಟ್ಟಿದವು. ಊರವರು ಕಾಯಬೇಕು, ಉತ್ಪನ್ನದಲ್ಲಿ ಇಲಾಖೆಯೊಡನೆ ಪಾಲು ಪಡೆಯಬೇಕು ಎಂಬುದು ತತ್ವ. ಅದರಿಂದ ಕಲಿಯಬೇಕಾದ ಮಾತೆಂದರೆ, ಸಮಿತಿಯಲ್ಲಿ ಕೂರುವವರು ಒಬ್ಬರು, ಕಾಡು ಮುಚ್ಚಿದಾಗ ಕಷ್ಟಪಡುವವರು ಇನ್ನೊಬ್ಬರಾಗಬಾರದು. ಆಡು ಕುರಿ ಸಾಕುವವರು, ಭೂಮಿಯಿಲ್ಲದವರು, ಸೌದೆ ಹೊರುವ ಹೆಂಗಸರು ತ್ಯಾಗ ಮಾಡುತ್ತಾರೆ. ಭೂಮಿಯಿದ್ದವರು ಪಾಲು ಪಡೆಯುತ್ತಾರೆ ಎಂದಾದರೆ ಆ ತೋಪಿಗೆ ಒಂದು ರಾತ್ರಿ ಬೆಂಕಿ ಬೀಳುವುದು ಖಂಡಿತ.

ನಮ್ಮ ಅಭಿಪ್ರಾಯ

ಮೇಲಿನದೆಲ್ಲವನ್ನೂ ನೋಡಿದರೆ ಇಂಗಾಲದ ಟನ್ ಒಂದನ್ನೇ ಅಳತೆಗೋಲು ಮಾಡಿಕೊಂಡ ಪ್ರತಿಫಲ ಹಳೆಯ ತೋಪುಗಳನ್ನೂ ಸಣ್ಣ ಬೆಳೆಗಾರರನ್ನೂ ಹೊರಗಿಡುತ್ತದೆ ಎಂಬುದು ನಮ್ಮ ಅಭಿಪ್ರಾಯ. ಮೊದಲು ಹಕ್ಕು ಸ್ಪಷ್ಟವಾಗಲಿ. ಎರಡನೆಯದಾಗಿ, ನಲ್ಲೂರಿನಂಥ ತೋಪುಗಳಿಗೆ ಮಾರುಕಟ್ಟೆಯ ದಾರಿ ಕಾಯದೆ, ಕಾವಲು ಮತ್ತು ಪೋಷಣೆಯ ವೆಚ್ಚವನ್ನು ಎಕರೆ ಲೆಕ್ಕದಲ್ಲಿ ಸರ್ಕಾರವೇ ಪ್ರತಿವರ್ಷ ಕೊಡಲಿ. ಹೊಸ ಮರಗಳಿಗೆ ಬರುವ ಇಂಗಾಲದ ಹಣವನ್ನು ಅದರ ಮೇಲಿನ ಹೆಚ್ಚುವರಿ ಎಂದು ಭಾವಿಸುವುದು ಲೇಸು.

ಅಲ್ಲಿಯವರೆಗೆ ಬೆಳೆಗಾರ ಬಂಧುಗಳು ಈ ಕೆಳಗಿನ ಅಂಶಗಳನ್ನು ಗಮನದಲ್ಲಿಡಬೇಕು:

1. ಕರಾರು ಪತ್ರ ಕನ್ನಡದಲ್ಲಿರಬೇಕು. ಓದಿಸಿಕೊಂಡು, ತಿಳಿದವರಿಗೆ ತೋರಿಸಿದ ಮೇಲೆಯೇ ರುಜು ಹಾಕಬೇಕು.

2. ಕರಾರು ಎಷ್ಟು ವರ್ಷದ್ದು, ನಡುವೆ ಪಾಲಾದರೆ ಅಥವಾ ಜಮೀನು ಮಾರಿದರೆ ಯಾರು ಬದ್ಧರು, ಪಹಣಿಯಲ್ಲಿ ಋಣಭಾರ ದಾಖಲಾಗುವುದೇ ಎಂಬುದನ್ನು ಕೇಳಬೇಕು.

3. ಮರ ಬಿದ್ದರೆ, ಒಣಗಿದರೆ, ಸುಟ್ಟರೆ ಹಣ ಹಿಂದಿರುಗಿಸಬೇಕೇ ಎಂಬುದು ಸ್ಪಷ್ಟವಿರಬೇಕು.

4. ಮಾರಿದ ದರದಲ್ಲಿ ಬೆಳೆಗಾರನಿಗೆ ಶೇಕಡಾ ಎಷ್ಟು ಎಂಬುದು ಬರವಣಿಗೆಯಲ್ಲಿರಬೇಕು. ಮುಂಗಡ ಕೇಳುವವರಿಂದ ದೂರವಿರಬೇಕು.

5. ನೆಡುವ ಜಾತಿಯ ಆಯ್ಕೆ ನಮ್ಮದಾಗಿರಬೇಕು. ಹೊಂಗೆ, ಬೇವು, ಹಲಸು, ಹುಣಸೆ, ನೇರಳೆಗಳು ನಮ್ಮ ನೆಲಕ್ಕೂ ಮಳೆಗೂ ಒಗ್ಗಿದವು.

6. ಊರಿನ ಗುಂಡುತೋಪಿನ ಸರ್ವೆ ನಂಬರು, ವಿಸ್ತೀರ್ಣ, ಮರಗಳ ಜಾತಿ, ಸುತ್ತಳತೆಗಳನ್ನು ಗ್ರಾಮ ಪಂಚಾಯಿತಿಯ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆಸಬೇಕು. ಇದಕ್ಕೆ ಬೇಕಾದದ್ದು ಒಂದು ಅಳತೆ ಪಟ್ಟಿ, ಒಂದು ಪುಸ್ತಕ, ಊರಿನ ನಾಲ್ಕು ಜನರ ಒಂದು ದಿನದ ಕೆಲಸ.

ಕೊನೆಯ ಅಂಶ ಎಲ್ಲಕ್ಕಿಂತ ಮುಖ್ಯ. ನಾಳೆ ಪ್ರತಿಫಲ ಯಾವ ರೂಪದಲ್ಲಿ ಬಂದರೂ ಮೊದಲು ಕೇಳುವುದು ದಾಖಲೆ. ದಾಖಲೆಯಿಲ್ಲದ ತೋಪು ಲೆಕ್ಕದಲ್ಲೂ ಇರುವುದಿಲ್ಲ, ನಾಲ್ಕು ವರ್ಷ ಕಳೆದರೆ ನೆಲದ ಮೇಲೂ ಇರುವುದಿಲ್ಲ. ಈ ಬೇಸಿಗೆಯಲ್ಲಿ, ತೋಟದ ಕೆಲಸ ಕಡಿಮೆಯಿರುವಾಗ, ಸದಸ್ಯರು ತಮ್ಮ ತಮ್ಮ ಊರಿನ ತೋಪುಗಳ ಅಳತೆ ಮುಗಿಸಿ ಅದರ ಒಂದು ಪ್ರತಿಯನ್ನು ಸಂಘಕ್ಕೂ ತಲುಪಿಸಬೇಕೆಂದು ಕೋರುತ್ತೇವೆ.